ಶೀತವೆಂಬುದೊಂದು ಪದಾರ್ಥವೆ?

ವರ್ಷವೊಂದಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಮ್ಮ ಉಡುಪಿಯ ಸೀಮೆಯಲ್ಲಿ ಆಷಾಢ ಕಾಲಿಟ್ಟಿತೆಂದರೆ ಗೋಡೆ ಬೆವರುವುದು, ಉಪ್ಪಿನ ಭರಣಿಯಲ್ಲಿ ನೀರೂರುವುದು, ಬೆಂಕಿಕಡ್ಡಿಯ ಮದ್ದು ಗೀರಿದಲ್ಲಿಯೇ ಮೆತ್ತಿಕೊಳ್ಳುವುದು. ಇವೆಲ್ಲವನ್ನೂ ಹೇಗೋ ಸಹಿಸಬಹುದಾದರೂ, ಓದುವ ಹವ್ಯಾಸವುಳ್ಳವನಿಗೆ ಸಹಿಸಲಾಗದ ಒಂದು ಸಂಗತಿಯುಂಟು, ಅದು ಪುಸ್ತಕಗಳ ಬೆನ್ನಿನ ಮೇಲೆ ಬೂದಿಬಣ್ಣದ ಬೂಷ್ಟು ಮೂಡುವುದು. ನಮ್ಮ ಹಿರಿಯರು ಓಲೆಗರಿಯ ಕಟ್ಟುಗಳನ್ನು ಬಜೆಯ ಬೇರಿನೊಡನೆ ಕೆಂಪು ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಹೊಗೆ ತಾಗುವ ಅಟ್ಟದ ಮೇಲೆ ಇಡುತ್ತಿದ್ದರು. ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಮೇಲೆ ಆ ರಕ್ಷೆಯೂ ತಪ್ಪಿತು. ಆದುದರಿಂದ ಮೂರು ವರ್ಷಗಳ ಹಿಂದೆ ನನ್ನ ಮಗಳು, “ಅಪ್ಪಯ್ಯ, ನಿಮಗೆ ಬೇಡವಾದರೆ ಬೇಡ, ಪುಸ್ತಕಗಳಿಗಾದರೂ ಇರಲಿ” ಎಂದು ಓದುವ ಕೋಣೆಗೊಂದು ಸ್ಪ್ಲಿಟ್ ಏಸಿಯನ್ನು ಹಾಕಿಸಿದಾಗ, ಐಹಿಕ ಸುಖವನ್ನು ನಿರಾಕರಿಸಿದ ಕೀರ್ತಿಯನ್ನೂ ಆ ಸುಖವನ್ನೂ ಒಟ್ಟಿಗೆ ಪಡೆಯುವ ಅವಕಾಶವಿದೆಂದು ತಿಳಿದು ನಾನು ಸುಮ್ಮನಾದೆನು.

ಒಳಗೊಂದು, ಹೊರಗೊಂದು ಪೆಟ್ಟಿಗೆ. ಅವೆರಡರ ನಡುವೆ ಬೆರಳು ಗಾತ್ರದ ಎರಡು ತಾಮ್ರದ ನಳಿಕೆಗಳು. ಗೋಡೆಯೊಳಗೆ ಗಾಳಿಯನ್ನು ಹರಿಸುವ ದೊಡ್ಡ ಕೊಳವೆಗಳ ಜಂಜಾಟವಿಲ್ಲ. ರಿಮೋಟಿನ ಮೇಲೆ ಮಂಜಿನ ಹರಳು, ನೀರಿನ ಹನಿ, ಸೂರ್ಯಬಿಂಬ ಎಂಬ ಮೂರು ಚಿಹ್ನೆಗಳಿದ್ದುವು. ಕರಾವಳಿಯಲ್ಲಿ ಸೂರ್ಯನ ಗುಂಡಿಯನ್ನು ಒತ್ತುವ ಪ್ರಸಂಗ ಯಾರಿಗೂ ಬಾರದು. ನನಗೆ ಬೇಕಾದುದು ನೀರಿನ ಹನಿ. ಅದನ್ನು ಒತ್ತಿದರೆ ಒಳಗಿನ ಪಂಖ ಮೆಲ್ಲಗೆ ತಿರುಗಹತ್ತಿ, ಕಂಪ್ರೆಸರು ಆಗಾಗ ನಿಂತು ಆಗಾಗ ನಡೆಯುವುದು. ಮಂದವಾಗಿ ಸಾಗುವ ಗಾಳಿ ತಣ್ಣನೆಯ ಸುರುಳಿಯ ಮೇಲೆ ಹೆಚ್ಚು ಹೊತ್ತು ತಂಗುವುದರಿಂದ, ಅದು ತನ್ನ ಉಷ್ಣಕ್ಕಿಂತ ಹೆಚ್ಚಾಗಿ ತನ್ನ ನೀರನ್ನು ಬಿಟ್ಟುಕೊಡುವುದು. ಬಾಗಿಲು ತೆರೆದಿಟ್ಟು ಇದನ್ನು ನಡೆಸುವವನು ಅರಬ್ಬೀ ಸಮುದ್ರವನ್ನೇ ಒಣಗಿಸಲು ಹೊರಟವನು. ಮೊದಲ ವಾರ ನಾನು ಮಾಡಿದುದು ಅದನ್ನೇ.

ಈ ಯಂತ್ರದ ಜನ್ಮವೃತ್ತಾಂತದಲ್ಲಿ ನನಗೆ ಸಮಾಧಾನ ಕೊಟ್ಟ ಒಂದು ಅಂಶವುಂಟು. ಅಮೆರಿಕದ ವಿಲಿಸ್ ಕ್ಯಾರಿಯರ್ 1902ರಲ್ಲಿ ಇದರ ಪೂರ್ವಜನನ್ನು ರೂಪಿಸಿದುದು ಮನುಷ್ಯರನ್ನು ತಂಪಾಗಿಡಬೇಕೆಂದಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರದೆ ಹೋಗುತ್ತಿದ್ದುದರಿಂದ, ಗಾಳಿಯ ಆರ್ದ್ರತೆಯನ್ನು ಹತೋಟಿಯಲ್ಲಿಡಬೇಕೆಂದು. ಕಾಗದಕ್ಕಾಗಿ ಹುಟ್ಟಿದ ಯಂತ್ರ ನನ್ನ ಕೋಣೆಯಲ್ಲಿ ಕಾಗದದ ಸೇವೆಗೇ ಮರಳಿತ್ತು.

ಇನ್ನು ತತ್ತ್ವದ ಮಾತು. ಯೌವನದಲ್ಲಿ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಕಂಠಸ್ಥ ಮಾಡಿದವರಿಗೆಲ್ಲ ನೆನಪಿರುವಂತೆ, ಅದರ ಕರ್ತೃವಾದ ಹದಿನೇಳನೆಯ ಶತಮಾನದ ನೈಯಾಯಿಕ ಅನ್ನಂಭಟ್ಟನು ಸ್ಪರ್ಶವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಶೀತ, ಉಷ್ಣ, ಮತ್ತು ಎರಡೂ ಅಲ್ಲದ ಅನುಷ್ಣಾಶೀತ. ಶೀತವು ನೀರಿನ ಗುಣ, ಉಷ್ಣವು ತೇಜಸ್ಸಿನ ಗುಣ. ಪೃಥಿವಿಗೂ ವಾಯುವಿಗೂ ಇರುವುದು ಮೂರನೆಯದು. ಹಾಗಾದರೆ ಗಾಳಿ ತಣ್ಣಗೆ ತಾಗುವುದಲ್ಲ ಎಂದು ಕೇಳಿದ ಶಿಷ್ಯನಿಗೆ, ಅದು ಗಾಳಿಯದಲ್ಲ, ಅದರೊಡನೆ ಬೆರೆತ ನೀರಿನ ಕಣಗಳದು ಎಂದು ಸಮಾಧಾನ. ಅರೆದ ಗಂಧ ತಣ್ಣಗಿರುವುದೂ ಅದರೊಳಗಿನ ನೀರಿನಿಂದಲೇ ಎಂದು ವಿಶ್ವನಾಥನ ಮುಕ್ತಾವಳಿ ಸೇರಿಸುತ್ತದೆ. ಮಠದಲ್ಲಿ ಗಂಧ ಹಚ್ಚಿಕೊಂಡಾಗಲೆಲ್ಲ ನನಗೆ ಈ ವಾಕ್ಯಾರ್ಥದ ನೆನಪಾಗುತ್ತದೆ. ಬರಿಗಾಳಿಯನ್ನು ಕುಡಿಯುತ್ತಿದ್ದ ಪೆಟ್ಟಿಗೆಯ ಹಿಂದಿನ ನಳಿಕೆಯಿಂದ ತೊಟ್ಟುತೊಟ್ಟಾಗಿ ನೀರಿಳಿದು ರಾತ್ರಿ ಬೆಳಗಾಗುವುದರೊಳಗೆ ಕೊಡಪಾನ ತುಂಬಿದುದನ್ನು ಕಂಡ ದಿನ, ಅನ್ನಂಭಟ್ಟನು ಅಂಗಳದಲ್ಲಿ ನಿಂತು ನಗುತ್ತಿರುವಂತೆ ಭಾಸವಾಯಿತು. ನಮ್ಮ ಪೂರ್ವಿಕರು ಕಂಪ್ರೆಸರನ್ನೂ ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವ ಮಿತ್ರರು ಇಲ್ಲಿಗೇ ಓದನ್ನು ನಿಲ್ಲಿಸಬಹುದು. ಏಕೆಂದರೆ ಮುಂದೆ ಅನ್ನಂಭಟ್ಟನು ಸೋಲುತ್ತಾನೆ.

ಅವನು ಸೋತುದು ದೆಹಲಿಯಲ್ಲಿ. ಪುಷ್ಯಮಾಸದಲ್ಲಿ ಮಗಳ ಮನೆಗೆ ಹೋಗಿದ್ದೆನು. ಬೆಳಗಿನ ಜಾವದಲ್ಲಿ ಉಷ್ಣತೆ ಐದು ಡಿಗ್ರಿಗೆ ಇಳಿದು, ಎದುರುಮನೆ ಕಾಣದಂತೆ ಮಂಜು ಕವಿದಿತ್ತು. ಅಲ್ಲಿಯ ಯಂತ್ರವೂ ಇಂಥದೇ. ಆದರೆ ಅಲ್ಲಿ ಸೂರ್ಯಬಿಂಬಕ್ಕೆ ಅರ್ಥವಿದೆ. ಗುಂಡಿಯೊತ್ತಿದಾಗ ಹೊರಗಿನ ಪೆಟ್ಟಿಗೆಯಲ್ಲಿ ‘ಟಕ್’ ಎಂದು ನಾಲ್ಕು ಬಾಯಿಯ ಕವಾಟವೊಂದು ತಿರುಗಿ, ನಳಿಕೆಗಳೊಳಗಿನ ಅನಿಲದ ಹರಿವು ವಿಪರ್ಯಸ್ತವಾಗುತ್ತದೆ. ಬೇಸಗೆಯಲ್ಲಿ ತಣ್ಣಗಿದ್ದ ಒಳಸುರುಳಿ ಬಿಸಿಯಾಗುತ್ತದೆ, ಬಿಸಿಯಾಗಿದ್ದ ಹೊರಸುರುಳಿ ತಣ್ಣಗಾಗುತ್ತದೆ. ಸುರುಳಿ ಕಾಯುವವರೆಗೆ ಪಂಖ ತಿರುಗದು. ಗುಂಡಿಯೊತ್ತಿದೊಡನೆ ಬಿಸಿಗಾಳಿ ಬರಲಿಲ್ಲವೆಂದು ಮೊಮ್ಮಗ ಮತ್ತೆ ಮತ್ತೆ ಒತ್ತುತ್ತಿದ್ದನು. ಹಾಗೆ ಒತ್ತಿದಷ್ಟೂ ಯಂತ್ರ ಮತ್ತೆ ಮೊದಲಿನಿಂದ ಕಾಯತೊಡಗುತ್ತಿತ್ತು. ಬಿಸಿಗಾಳಿ ಮೇಲಕ್ಕೇರುವ ಸ್ವಭಾವದ್ದಾದುದರಿಂದ ರೆಕ್ಕೆಗಳನ್ನು ಕೆಳಮುಖವಾಗಿ ಇಡಬೇಕೆಂಬುದನ್ನು ಅಳಿಯಂದಿರು ತೋರಿಸಿಕೊಟ್ಟರು.

ಇದು ವಿದ್ಯುತ್ತನ್ನು ಉರಿಸಿ ಶಾಖವನ್ನು ಹುಟ್ಟಿಸುವ ಹೀಟರಲ್ಲ. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಉಷ್ಣವನ್ನು ಕೋಣೆಗೆ ತಂದು ಸುರಿಯುತ್ತದೆ. ಉಳಿದೆರಡು ಪಾಲು ಬಂದುದೆಲ್ಲಿಂದ? ಹೊರಗಿನ, ಐದು ಡಿಗ್ರಿಯ, ಮೈ ಕೊರೆಯುವ ಆ ಗಾಳಿಯಿಂದಲೇ. ಅನಿಲವು ಹೊರಗಾಳಿಗಿಂತಲೂ ತಣ್ಣಗಾಗಿ ಅದರ ಉಷ್ಣವನ್ನು ಹೀರಿ, ಕಂಪ್ರೆಸರಿನಲ್ಲಿ ಒತ್ತಲ್ಪಟ್ಟು ಕಾದು, ಆ ಉಷ್ಣವನ್ನು ಒಳಗೆ ಬಿಡುತ್ತದೆ. ಕಟ್ಟಡಗಳನ್ನು ಹೀಗೆಯೇ ಬೆಚ್ಚಗಿಡಬಹುದೆಂದು ಕೆಲ್ವಿನ್ ಪ್ರಭುವೆಂದು ಮುಂದೆ ಖ್ಯಾತನಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಹೇಳಿದ್ದನು. ಅವನ ಹೆಸರಿನ ಮಾನದಲ್ಲಿ ಅಳೆದರೆ ನೀರು ಹೆಪ್ಪುಗಟ್ಟುವ ಬಿಂದುವೇ ಸುಮಾರು 273 ಡಿಗ್ರಿ. ನಾವು ಶೀತವೆಂದು ನಡುಗುವ ಗಾಳಿಯಲ್ಲಿ ಇಷ್ಟು ಉಷ್ಣ ಅಡಗಿರುವಾಗ, ಶೀತವೆಂಬ ಒಂದು ಪ್ರತ್ಯೇಕ ಗುಣವನ್ನು ನೀರಿಗೆ ಕೊಟ್ಟ ನೈಯಾಯಿಕನ ಪಕ್ಷ ನಿಲ್ಲಲಾರದು. ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವುದರಿಂದಲೇ ಗಾಣದಲ್ಲಿ ಹೊರಬರುವುದು, ಇಲ್ಲದುದು ಎಂದಿಗೂ ಹುಟ್ಟದು ಎನ್ನುವ ಸಾಂಖ್ಯರ ಸತ್ಕಾರ್ಯವಾದಕ್ಕೆ ಈ ಯಂತ್ರ ಸಾಕ್ಷಿ ಹೇಳುತ್ತದೆ. ಕಂಪ್ರೆಸರು ಗಾಣ, ಅದು ಎಣ್ಣೆಯನ್ನು ಸೃಷ್ಟಿಸುವುದಿಲ್ಲ.

ಆದರೆ ನೈಯಾಯಿಕನು ಅಷ್ಟು ಸುಲಭವಾಗಿ ಸಭೆಯಿಂದೇಳುವವನಲ್ಲ. ಶೀತವು ಗುಣವಲ್ಲ, ಉಷ್ಣದ ಅಭಾವ ಮಾತ್ರ ಎಂದು ನೀವೆಂದರೆ, ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿ ಮನ್ನಣೆ ಕೊಟ್ಟವರು ನಾವೇ ಅಲ್ಲವೆ ಎಂದು ಅವನು ಕೇಳುವನು. ಅಭಾವವು ಇಂದ್ರಿಯಕ್ಕೆ ಪ್ರತ್ಯಕ್ಷವಾಗುವುದೆಂದು ಅವನ ಮತ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದಕ್ಕೆ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪಿದರು. ಮೇಜಿನ ಮೇಲೆ ಕನ್ನಡಕವಿಲ್ಲವೆಂದು ತಿಳಿಯುವುದಕ್ಕೆ ಇಷ್ಟು ಸಾಕು. ಆದರೆ ಬೆಳಗಿನ ಐದು ಗಂಟೆಗೆ ದೆಹಲಿಯ ನಲ್ಲಿಯ ನೀರು ಕೈಗೆ ತಾಗಿದಾಗ ನನಗುಂಟಾಗುವ ಅನುಭವ ‘ಇಲ್ಲ’ ಎಂಬ ತಿಳಿವಳಿಕೆಯಂತಿಲ್ಲ. ಕಚ್ಚುವ ‘ಇದೆ’ ಅದು. ಅಭಾವವೊಂದು ಕಚ್ಚುವುದು ಹೇಗೆ?

ಇಲ್ಲಿ ಶರೀರಶಾಸ್ತ್ರದ ಕಡೆ ತಿರುಗಬೇಕಾಯಿತು. ನಮ್ಮ ಚರ್ಮದಲ್ಲಿ ಬಿಸಿಯನ್ನರಿಯುವ ನರಾಗ್ರಗಳು ಬೇರೆ, ತಂಪನ್ನರಿಯುವವು ಬೇರೆ. ಪುದೀನದ ಸತ್ತ್ವವನ್ನು ಹಚ್ಚಿದರೆ ಎರಡನೆಯವು ಏನೂ ತಣ್ಣಗಾಗದೆಯೇ ತಣ್ಣಗಾಯಿತೆಂದು ಕೂಗುತ್ತವೆ, ಮೆಣಸಿನಕಾಯಿಯ ಖಾರಕ್ಕೆ ಮೊದಲನೆಯವು ಸುಟ್ಟಿತೆಂದು ಕೂಗುತ್ತವೆ. ಈ ಗ್ರಾಹಕಗಳನ್ನೂ ಸ್ಪರ್ಶದ ಗ್ರಾಹಕಗಳನ್ನೂ ಕಂಡುಹಿಡಿದುದಕ್ಕಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬವರಿಗೆ 2021ರ ನೊಬೆಲ್ ಪಾರಿತೋಷಕ ದೊರೆಯಿತು. ಅಂದಮೇಲೆ ಲೋಕದಲ್ಲಿ ಅಭಾವವಾದ ಶೀತವು ದೇಹದಲ್ಲಿ ಭಾವವೇ ಸರಿ. ಅದರ ನೆಲೆ ನೀರಲ್ಲ, ಗಾಳಿಯಲ್ಲ, ಲೋಕವೂ ದೇಹವೂ ಒಂದನ್ನೊಂದು ಮುಟ್ಟುವ ಗಡಿ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಶೀತೋಷ್ಣಗಳನ್ನೂ ಸುಖದುಃಖಗಳನ್ನೂ ಕೊಡತಕ್ಕವೆಂದು ಹೆಸರಿಸಿದುದು ಪಂಚಭೂತಗಳನ್ನಲ್ಲ, ಮಾತ್ರಾಸ್ಪರ್ಶಗಳನ್ನು, ಎಂದರೆ ಇಂದ್ರಿಯ ವಿಷಯಗಳ ಸಂಯೋಗವನ್ನು. ಐವತ್ತು ವರ್ಷ ಆ ಶ್ಲೋಕವನ್ನು ಹೇಳಿಕೊಂಡು ಬಂದ ನನಗೆ ಆ ಪದದ ಬಿಗಿ ತಿಳಿದುದು ಏಸಿಯ ಕೆಳಗೆ ಕುಳಿತು.

ಅಲ್ಲಿಯೇ ಆಜ್ಞೆಯೂ ಇದೆ: ಬಂದು ಹೋಗುವ ಇವನ್ನು ಸಹಿಸು ಎಂದು. ಶಂಕರರದೆಂದು ಪರಂಪರೆ ಎಣಿಸುವ ವಿವೇಕಚೂಡಾಮಣಿಯು ತಿತಿಕ್ಷೆಗೆ ಎರಡು ಅಂಗಗಳನ್ನು ಹೇಳುತ್ತದೆ. ದುಃಖಕ್ಕೆ ಪ್ರತೀಕಾರವನ್ನು ಹುಡುಕದಿರುವುದೊಂದು, ಅದನ್ನು ಕುರಿತು ಚಿಂತೆಯನ್ನೂ ಗೋಳನ್ನೂ ಬಿಡುವುದಿನ್ನೊಂದು. ಹಾಗಾದರೆ ರಿಮೋಟನ್ನು ಕೈಗೆತ್ತಿಕೊಂಡವನು ತಿತಿಕ್ಷೆಯಿಂದ ಭ್ರಷ್ಟನೆ? ಮೊದಲನೆಯ ಅಂಗ ಸಂನ್ಯಾಸಿಯದು. ಕಂಬಳಿ, ಅಗ್ಗಿಷ್ಟಿಕೆ, ಬೀಸಣಿಗೆಗಳನ್ನು ಗೃಹಸ್ಥನಿಗೆ ಯಾವ ಶಾಸ್ತ್ರವೂ ನಿಷೇಧಿಸಿದುದನ್ನು ನಾನರಿಯೆನು, ಏಸಿಯು ಆ ಕುಲಕ್ಕೆ ಸೇರಿದುದೇ. ಎರಡನೆಯ ಅಂಗದಲ್ಲಿ ಮಾತ್ರ ನಾವು ನಾಚಬೇಕು. 2020ರ ಜನವರಿಯಿಂದ ಹೊಸ ಯಂತ್ರಗಳು ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಆರಂಭವಾಗತಕ್ಕದ್ದೆಂದು ಸರ್ಕಾರ ವಿಧಿಸಿತು. ಆ ಇಪ್ಪತ್ತನಾಲ್ಕನ್ನು ಇಪ್ಪತ್ತೆರಡಕ್ಕೆ ಇಳಿಸಬೇಕೋ ಇಪ್ಪತ್ತಾರಕ್ಕೆ ಏರಿಸಬೇಕೋ ಎಂದು ಮಗಳಿಗೂ ಅಳಿಯಂದಿರಿಗೂ ಬೇಸಗೆಯಿಡೀ ನಡೆಯುವ ವಾದವನ್ನು ಕೇಳಿದವರಿಗೆ, ಪ್ರತೀಕಾರ ಕೈಗೆಟಕಿದಷ್ಟೂ ಗೋಳು ಬೆಳೆಯುವುದೆಂಬುದರಲ್ಲಿ ಸಂದೇಹ ಉಳಿಯದು.

ಆದರೂ ಗೃಹಸ್ಥನ ನಿಜವಾದ ಧರ್ಮಸಂಕಟ ಇದಲ್ಲವೆಂದು ನನಗೆ ತೋರಿದುದು ಹೊರಗಿನ ಪೆಟ್ಟಿಗೆಯನ್ನು ನೋಡಿದ ಮೇಲೆ. ಮಂಜಿನ ಒಂದು ಮುಂಜಾವದಲ್ಲಿ ಒಳಗಿನ ಪಂಖ ತಾನಾಗಿ ನಿಂತಿತು. ಕೆಟ್ಟಿತೆಂದು ಬಗೆದು ಶಾಲು ಹೊದ್ದು ಕೆಳಗಿಳಿದೆನು. ಕೆಟ್ಟಿರಲಿಲ್ಲ. ಹೊರಸುರುಳಿಯ ಮೇಲೆ ಗಾಳಿಯ ತೇವ ಹೆಪ್ಪುಗಟ್ಟಿದಾಗ ಅದನ್ನು ಕರಗಿಸುವುದಕ್ಕೆಂದು ಯಂತ್ರವು ಕೆಲವು ನಿಮಿಷ ತನ್ನ ನಡೆಯನ್ನು ತಿರುಗಿಸಿಕೊಂಡು, ಕೋಣೆಯ ಉಷ್ಣವನ್ನೇ ಹೊರಗೆ ಕಳುಹಿಸುವುದು. ಪೆಟ್ಟಿಗೆಯಿಂದ ಹಬೆ ಏಳುತ್ತಿತ್ತು. ಅದರ ಕೆಳಗೆ, ಗೇಟಿನ ಪಕ್ಕದ ಗೋಡೆಗೊರಗಿಸಿದ ಕುರ್ಚಿಯನ್ನು ಎರಡು ಮಾರು ಆಚೆಗೆಳೆದುಕೊಂಡು ಇಬ್ಬನಿಯಲ್ಲಿ ಚೌಕಿದಾರನು ಕುಳಿತಿದ್ದನು. ಗೋಡೆಯ ಮರೆ ಬಿಟ್ಟು ಇಲ್ಲೇಕೆ ಎಂದು ಕೇಳಿದೆನು. ಅವನು ಪೆಟ್ಟಿಗೆಯತ್ತ ಕೈತೋರಿಸಿ, ‘ಠಂಡೀ ಹವಾ’ ಎಂದಷ್ಟೇ ಹೇಳಿದನು.

ಐದು ಡಿಗ್ರಿಯ ಗಾಳಿಯಿಂದಲೂ ಉಷ್ಣವನ್ನು ಹಿಂಡಿ ತೆಗೆದು, ಅದಕ್ಕಿಂತಲೂ ತಣ್ಣಗಾದ ಗಾಳಿಯನ್ನು ರಾತ್ರಿಯಿಡೀ ಅವನ ತಲೆಯ ಮೇಲೆ ಊದುತ್ತಿದ್ದೆವು. ಬೇಸಗೆಯಲ್ಲಿ ಅದೇ ಪೆಟ್ಟಿಗೆಯ ಬಿಸಿಯುಸಿರು, ಅದೇ ಗೋಡೆಯ ನೆರಳಿನಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುವ ಪ್ರೆಸ್‌ವಾಲಾನ ಬೆನ್ನಿಗೆ ತಾಗುವುದಂತೆ. ಶೀತವೆಂಬ ವಸ್ತುವಿಲ್ಲದಿರುವುದರಿಂದ ಅದನ್ನು ಯಾರೂ ತಯಾರಿಸಲಾರರು. ಉಷ್ಣವನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಹಾಕಬಲ್ಲರು, ಅಷ್ಟೇ. ತೆಗೆದ ಎಡೆಯಲ್ಲಿಯೂ ಹಾಕಿದ ಎಡೆಯಲ್ಲಿಯೂ ಯಾರೋ ಕುಳಿತಿರುತ್ತಾರೆ. ಉಡುಪಿಯಲ್ಲಿ ನನ್ನ ಪೆಟ್ಟಿಗೆ ತೆಂಗಿನ ತೋಟಕ್ಕೆ ಮುಖ ಮಾಡಿದ್ದುದರಿಂದ ಈ ಸಂಗತಿ ನನಗೆ ಕಾಣದೆ ಹೋಗಿತ್ತು. ಗೃಹಸ್ಥನು ಉಣ್ಣುವುದಕ್ಕೆ ಮುಂಚೆ ಭೂತಯಜ್ಞವೆಂದು ಹೊರಗಿನ ಪ್ರಾಣಿಗಳಿಗೊಂದು ಬಲಿಯನ್ನಿಡಬೇಕೆಂದು ವಿಧಿಸಿದವರು, ಮನೆಯ ಹೊಸಿಲಿನಾಚೆ ನಮ್ಮಿಂದ ಏನು ಹೋಗುತ್ತಿದೆಯೆಂಬುದನ್ನು ದಿನಕ್ಕೊಮ್ಮೆಯಾದರೂ ನೋಡಿಸುವ ಉಪಾಯವನ್ನು ಮಾಡಿದ್ದರು. ಚೌಕಿದಾರನು ತೋರಿದ ಸಹನೆಯನ್ನು ತಿತಿಕ್ಷೆಯೆಂದು ಹೊಗಳಿ ಮೇಲೆ ಹೋಗಿ ಮಲಗುವುದು ಸುಲಭವಾಗಿತ್ತು. ಇನ್ನೊಬ್ಬನ ಮೇಲೆ ಹೇರಿದ ತಿತಿಕ್ಷೆಗೆ ಆ ಹೆಸರು ಸಲ್ಲದು.

ಮಧ್ಯಾಹ್ನ ಮಗಳಿಗೆ ವಿಷಯ ತಿಳಿಸಿದೆನು. ಅವಳು ಮೊದಲು ಖರ್ಚಿನ ಮಾತೆತ್ತಿದಳು. ಆಮೇಲೆ ತಾನೇ ಕೆಳಗೆ ಹೋಗಿ, ಪೆಟ್ಟಿಗೆಯ ಮುಂದೆ ಐದು ನಿಮಿಷ ನಿಂತು ಬಂದಳು. ಆ ವಾರದಲ್ಲಿಯೇ ಮೆಕ್ಯಾನಿಕ್ಕು ಬಂದು, ತಾಮ್ರದ ನಳಿಕೆಗಳನ್ನು ಉದ್ದ ಮಾಡಿ, ಕಡಮೆಯಾದ ಗ್ಯಾಸನ್ನು ತುಂಬಿ, ಪೆಟ್ಟಿಗೆಯನ್ನು ತಾರಸಿಗೆ ಏರಿಸಿ ಹೋದನು. ಚೌಕಿದಾರನು ಅದನ್ನು ಕುರಿತು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಅವನ ಕುರ್ಚಿ ಗೋಡೆಯ ಪಕ್ಕಕ್ಕೆ ಬಂದಿತ್ತು.