ಹಂಗು ಮತ್ತು ಹರಿಗೋಲು

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಈ ಗಾದೆಯನ್ನು ಯಾರೂ ಬುದ್ಧಿಮಾತಾಗಿ ಹೇಳುವುದಿಲ್ಲ. ಕೆಲಸ ಆದೊಡನೆ ಮುಖ ತಿರುಗಿಸಿ ಹೋದವನ ಬೆನ್ನಿಗೆ ಎಸೆಯುವ ಮಾತದು. ಅದರ ಖಾರ ತಿಳಿಯಬೇಕಾದರೆ ಸೇತುವೆಯಿಲ್ಲದ ಕಾಲದ ತುಂಗಭದ್ರೆಯ ದಡದಲ್ಲಿ ನಿಲ್ಲಬೇಕು.

ಕೂಡ್ಲಿಗಿ, ಕೊಟ್ಟೂರು ಒಣನೆಲದ ಊರುಗಳು. ಅಲ್ಲಿ ಆಗ ಬಂಡಿಯೇ ದೊರೆ. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಹಾದು ಕೊಟ್ಟೂರಿಗೆ ರೈಲು ಬಂದ ಮೇಲೂ ಸ್ಟೇಷನ್ನಿನಿಂದಾಚೆಗೆ ಎತ್ತು, ಕುದುರೆಗಳನ್ನೇ ನಂಬಬೇಕಿತ್ತು. ಆದರೆ ಹರಪನಹಳ್ಳಿ, ಹಡಗಲಿ ಸೀಮೆಯ ಪಡುವಣ ಅಂಚಿನಲ್ಲಿ ಹಾದಿ ತುಂಗಭದ್ರೆಯ ನೀರಿಗಿಳಿಯುತ್ತಿತ್ತು. ಈಚೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ. ಈಚೆ ದಡ 1953ರಲ್ಲಿ ಮೈಸೂರಿಗೆ ಸೇರಿತು. ಆಚೆ ದಡ ಸೇರಲು 1956 ಬರಬೇಕಾಯಿತು. ಸರ್ಕಾರ ಎರಡಾದರೂ ಮಾತು, ಬೀಗತನ, ಮೈಲಾರನ ಜಾತ್ರೆ ಒಂದೇ. ಆ ನಂಟನ್ನು ದಡದಿಂದ ದಡಕ್ಕೆ ಒಯ್ದದ್ದು ಹರಿಗೋಲು.

ಬಂಡಿಯ ಠೀವಿ ಮರಳಿನಲ್ಲೇ ಮುಗಿಯುತ್ತಿತ್ತು. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡು ಬುಟ್ಟಿಯಲ್ಲಿ ಜಟಕಾದಲ್ಲಿ ಬಂದವನೂ ನಡೆದು ಬಂದವನೂ ಒಂದೇ ತರ ಮೊಣಕಾಲು ಮಡಚಿ ಕೂರಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಇಂಥವನ್ನು ಕಂಡಿದ್ದ. 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಹೇರುತ್ತಾರೆ, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ ಎಂದು ಬರೆದ. ಈ ದೋಣಿ ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತದೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಸುತ್ತುವ ಬುಟ್ಟಿಯನ್ನು ದಡ ಮುಟ್ಟಿಸುವ ಗುಟ್ಟು ಹುಟ್ಟು ಹಿಡಿದ ಕೈಗೆ ಮಾತ್ರ ಗೊತ್ತು.

'ಹಂಗು' ಎಂಬ ಮಾತಿನ ತೂಕ ಇಲ್ಲಿದೆ. ಜಟಕಾದವನಿಗೆ ಬಾಡಿಗೆ ಕೊಟ್ಟರೆ ತೀರಿತು. ಬೇಡವೆನಿಸಿದರೆ ನಡುದಾರಿಯಲ್ಲೇ ಇಳಿದು ನಡೆಯಬಹುದು. ನಡುಹೊಳೆಯಲ್ಲಿ ಇಳಿಯುವಂತಿಲ್ಲ. ಅಲ್ಲಿ ಅಂಬಿಗನಿಗೆ ಒಪ್ಪಿಸಿದ್ದು ಜೀವ. ಸಾಲವನ್ನು ತೀರಿಸಬಹುದು, ಹಂಗನ್ನು ನೆನೆಯಬೇಕಷ್ಟೆ. ಗಾದೆಯ ಮನುಷ್ಯ ಕಾಸು ಕೊಡದೆ ಓಡಿದವನಲ್ಲ. ಕಾಸು ಕೊಟ್ಟೆನಲ್ಲ ಎಂದು ಮರೆತವನು. ಅವನು ಇನ್ನೊಂದನ್ನೂ ಮರೆತಿದ್ದಾನೆ: ಜಾತ್ರೆಗೆ ಬಂದವನು ಮನೆ ಸೇರಲು ಮತ್ತದೇ ಹೊಳೆ ದಾಟಬೇಕು.

ಈಗ ಮದಲಗಟ್ಟಿಯ ಸೇತುವೆ ಮೇಲೆ ಬಸ್ಸು ಹೊಳೆಯತ್ತ ನೋಡದೆಯೇ ಹಾಯುತ್ತದೆ. ಅದು ಸೇರುವ ಹಡಗಲಿಯಿಂದ ಹಿಂದೆ ವಿಜಯನಗರಕ್ಕೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಊರು ಹೂವಿನ ಹಡಗಲಿಯಾಯಿತು ಎಂಬುದು ಪ್ರತೀತಿ. ಕಂಡಕ್ಟರ್ ಆ ಹೂವನ್ನೂ ಬಿಟ್ಟು, "ಹಡಗ್ಲಿ, ಹಡಗ್ಲಿ" ಎಂದಷ್ಟೇ ಕೂಗುತ್ತಾನೆ. ಹೂವು ಉದುರಿದರೂ ಹಡಗು ಬಾಯಲ್ಲಿ ಉಳಿದಿದೆ.