ಎಲ್ಲಿ ಸೇರೋಣ?

ನೀವು ಇಪ್ಪತ್ತು ಜನರ ಒಂದು ಬಳಗದ ಸದಸ್ಯರೆಂದು ಭಾವಿಸಿಕೊಳ್ಳಿ. ಎಲ್ಲರ ಬೇರುಗಳೂ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿವೆ. ಬದುಕು ಮಾತ್ರ ಚದುರಿಹೋಗಿದೆ. ಹನ್ನೆರಡು ಜನ ಬೆಂಗಳೂರಿನಲ್ಲಿದ್ದಾರೆ, ಮೂವರು ಮುಂಬಯಿಯಲ್ಲಿ, ಇಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿ. ಉಳಿದ ಮೂವರು ಹುಟ್ಟಿದ ಊರಿನಲ್ಲಿಯೇ ಇದ್ದಾರೆ. ಹಲವು ವರ್ಷಗಳಿಂದ ಮೊಬೈಲ್ ಫೋನಿನ ಮೂಲಕವೇ ನಿಮ್ಮ ಒಡನಾಟ ನಡೆದಿದೆ. ಒಬ್ಬರ ಮಗಳ ಪರೀಕ್ಷೆಯ ಫಲಿತಾಂಶ, ಮತ್ತೊಬ್ಬರ ತಾಯಿಯ ಶಸ್ತ್ರಚಿಕಿತ್ಸೆ ಎಲ್ಲರಿಗೂ ತಿಳಿದಿರುತ್ತದೆ. ಒಬ್ಬರ ಮುಖವನ್ನು ಇನ್ನೊಬ್ಬರು ಎದುರಿನಲ್ಲಿ ಕಂಡದ್ದು ಮಾತ್ರ ಅಪರೂಪ. ಒಂದು ದಿನ ಯಾರೋ ಒಬ್ಬರು, ನಾವೆಲ್ಲ ಒಮ್ಮೆ ಒಂದೆಡೆ ಸೇರಬೇಕು ಎನ್ನುತ್ತಾರೆ. ಎಲ್ಲರೂ ಹರ್ಷದಿಂದ ಒಪ್ಪುತ್ತಾರೆ. ಬಳಿಕ, ‘ಎಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ಅದುವರೆಗೆ ಒಂದೇ ಮನೆಯವರಂತಿದ್ದ ಬಳಗದಲ್ಲಿ ಮೊದಲ ಬಾರಿಗೆ ಮೌನ ಕವಿಯುತ್ತದೆ.

ಇದು ಕೇವಲ ಅನುಕೂಲದ ಪ್ರಶ್ನೆ, ಇದರಲ್ಲಿ ನೀತಿಯ ಮಾತೆಲ್ಲಿ ಬಂತು ಎಂದು ನೀವು ಕೇಳಬಹುದು. ಅನುಕೂಲವೆಂದರೆ ಯಾರ ಅನುಕೂಲ ಎಂದು ಮರಳಿ ಕೇಳಿದೊಡನೆ ನೀತಿಯ ಮಾತು ಬಂದೇ ಬರುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಸಮಸ್ಯೆಯನ್ನು ಮುಂದಿಟ್ಟನು: ಮೂರು ಬಿಂದುಗಳಿವೆ, ಆ ಮೂರರಿಂದಲೂ ಇರುವ ದೂರಗಳ ಮೊತ್ತ ಅತ್ಯಂತ ಕಡಿಮೆಯಾಗುವಂತಹ ನಾಲ್ಕನೆಯ ಬಿಂದು ಯಾವುದು? ಇಟಲಿಯ ಟೊರಿಚೆಲ್ಲಿ ಅದನ್ನು ಬಿಡಿಸಿದನು. ಸೇರುವ ಸ್ಥಳವನ್ನು ಹುಡುಕುವ ಪ್ರತಿಯೊಬ್ಬರೂ ತಿಳಿದೋ ತಿಳಿಯದೆಯೋ ಈ ಲೆಕ್ಕವನ್ನೇ ಮಾಡುತ್ತಾರೆ. ಆದರೆ ಇದರಲ್ಲಿ ಒಂದು ತೊಡಕಿದೆ. ನಿಮ್ಮ ಬಳಗದ ಹನ್ನೆರಡು ಜನ ಬೆಂಗಳೂರಿನಲ್ಲಿದ್ದಾರಷ್ಟೆ. ಸೇರುವ ಸ್ಥಳವನ್ನು ಬೆಂಗಳೂರಿನಿಂದ ಒಂದು ಕಿಲೋಮೀಟರ್ ಆಚೆಗೆ ಸರಿಸಿದರೂ ಹನ್ನೆರಡು ಜನರಿಗೆ ಒಂದೊಂದು ಕಿಲೋಮೀಟರ್ ಹೆಚ್ಚಾಗುತ್ತದೆ. ಕಡಿಮೆಯಾಗುವುದು ಹೆಚ್ಚೆಂದರೆ ಎಂಟು ಜನರಿಗೆ. ಆದುದರಿಂದ ಒಟ್ಟು ದೂರವನ್ನು ತಗ್ಗಿಸುವುದೇ ಗುರಿಯಾದರೆ ಉತ್ತರ ಬೆಂಗಳೂರೇ. ಮುಂದಿನ ವರ್ಷ ಕೇಳಿದರೂ ಬೆಂಗಳೂರು, ಹತ್ತು ವರ್ಷಗಳ ನಂತರ ಕೇಳಿದರೂ ಬೆಂಗಳೂರು. ಅರ್ಧಕ್ಕಿಂತ ಹೆಚ್ಚು ಜನ ಒಂದೇ ಊರಿನಲ್ಲಿರುವವರೆಗೆ ಆ ಊರಿನವರು ಎಂದೂ ಪ್ರಯಾಣ ಮಾಡಬೇಕಾಗಿಲ್ಲ. ಉಳಿದವರು ಎಂದೆಂದಿಗೂ ಮಾಡಬೇಕು. ಇಲ್ಲಿ ಯಾರೂ ಯಾರಿಗೂ ಅನ್ಯಾಯ ಮಾಡಬೇಕೆಂದು ಬಯಸಿಲ್ಲ. ಕೂಡುವ ಲೆಕ್ಕ ಸರಿಯಾಗಿಯೇ ಇದೆ. ಏನನ್ನು ಕೂಡಬೇಕು ಎಂದು ಆರಿಸಿಕೊಂಡಾಗಲೇ ಸೊರಬದವರು ಸೋತುಹೋಗಿದ್ದಾರೆ.

ಇನ್ನು ಕಿಲೋಮೀಟರ್ ಎಂಬ ಅಳತೆಗೋಲೇ ಎಲ್ಲರಿಗೂ ಒಂದೇ ತೂಕದ್ದಲ್ಲ. ಸಂಬಳದ ಕೆಲಸದಲ್ಲಿರುವವನಿಗೆ ಬೆಂಗಳೂರಿನಿಂದ ಶಿಕಾರಿಪುರವೆಂದರೆ ಒಂದು ರಾತ್ರಿಯ ಬಸ್ಸು, ಒಂದು ದಿನದ ರಜೆ. ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಹೊರಡಬೇಕಾದ ಕೂಲಿಯ ಹೆಣ್ಣುಮಗಳಿಗೆ ಅದು ಎರಡು ದಿನದ ಕೂಲಿ, ಹಸುವಿನ ಹಾಲು ಕರೆಯುವವರಾರು ಎಂಬ ಚಿಂತೆ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕಾಯಿಸಿ ಕೊಡುವವರಾರು ಎಂಬ ಅಳುಕು. ಹಾಗಾದರೆ ಮತಕ್ಕೆ ಹಾಕಿ ನಿರ್ಧರಿಸೋಣ ಎನ್ನುವಿರೋ? ಆಕೆ ಏನು ಹೇಳುತ್ತಾಳೆಂದು ಬಲ್ಲಿರಾ? ‘ಎಲ್ಲಿಯಾದರೂ ಸರಿ, ನೀವೆಲ್ಲ ಹೇಳಿದ ಹಾಗೆ’ ಎನ್ನುತ್ತಾಳೆ. ನಮ್ಮ ಮಲೆನಾಡಿನ ಮರ್ಯಾದೆ ಅದು. ಆ ಮಾತನ್ನು ನಾವು ಒಪ್ಪಿಗೆಯೆಂದು ಬರೆದುಕೊಳ್ಳುತ್ತೇವೆ. ಸೇರುವ ದಿನ ಆಕೆ ಬರುವುದಿಲ್ಲ. ‘ಏನೋ ತೊಂದರೆಯಾಗಿರಬೇಕು’ ಎಂದು ಊಟಕ್ಕೆ ಕುಳಿತುಕೊಳ್ಳುತ್ತೇವೆ.

ಸ್ಥಳದ ಆಯ್ಕೆ ಚಿಕ್ಕ ವಿಷಯವಲ್ಲವೆಂಬುದಕ್ಕೆ ಕನ್ನಡಿಗರ ಇತಿಹಾಸದಲ್ಲಿಯೇ ದೊಡ್ಡ ನಿದರ್ಶನವಿದೆ. 1915ರಲ್ಲಿ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಮರುವರ್ಷವೂ ಅಲ್ಲಿಯೇ, 1917ರಲ್ಲಿ ಮೈಸೂರಿನಲ್ಲಿ. ಹಾಗೆಯೇ ಮುಂದುವರಿದಿದ್ದರೆ ಅದು ಮೈಸೂರು ಸಂಸ್ಥಾನದ ವಿದ್ವಾಂಸರ ವಾರ್ಷಿಕ ಕೂಟವಾಗಿ ಉಳಿಯುತ್ತಿತ್ತೆಂದು ನನಗೆ ತೋರುತ್ತದೆ. ಆದರೆ 1918ರಲ್ಲಿ ಸಮ್ಮೇಳನ ಧಾರವಾಡಕ್ಕೆ ಹೋಯಿತು. ಅದು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. 1927ರಲ್ಲಿ ಮದರಾಸು ಪ್ರಾಂತದ ಮಂಗಳೂರಿಗೆ, 1928ರಲ್ಲಿ ನಿಜಾಮರ ಆಳ್ವಿಕೆಯ ಕಲಬುರಗಿಗೆ, 1932ರಲ್ಲಿ ಕೊಡಗಿನ ಮಡಿಕೇರಿಗೆ, 1935ರಲ್ಲಿ ಮುಂಬಯಿಗೆ, 1941ರಲ್ಲಿ ಹೈದರಾಬಾದಿಗೆ ಹೋಯಿತು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಜನರು, ತಾವೆಲ್ಲ ಒಂದೇ ಎಂಬುದನ್ನು ಚಪ್ಪರ ಹಾಕುವ ಊರಿನ ಮೂಲಕವೇ ಹೇಳಿಕೊಂಡರು. 1956ರಲ್ಲಿ ಸರಕಾರ ಎಳೆದ ಗಡಿಗೆ ಮೊದಲೇ ಈ ಸಮ್ಮೇಳನಗಳು ಒಂದು ನಕ್ಷೆಯನ್ನು ಬರೆದಿದ್ದವು. ಕಾಸರಗೋಡಿನಲ್ಲಿಯೂ ಸಮ್ಮೇಳನ ನಡೆದಿತ್ತು, 1950ರಲ್ಲಿ ಸೊಲ್ಲಾಪುರದಲ್ಲಿಯೂ ನಡೆದಿತ್ತು. ಸರಕಾರದ ನಕ್ಷೆ ಅವೆರಡನ್ನೂ ಹೊರಗಿಟ್ಟಿತು. ಆ ಊರುಗಳ ಹಿರಿಯರಿಗೆ ಎರಡು ನಕ್ಷೆಗಳ ನಡುವಿನ ನೋವು ಎಂತಹುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಕ್ರೈಸ್ತ ಧರ್ಮಸಭೆಯ ಚರಿತ್ರೆಯಲ್ಲಿಯೂ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. 325ರ ಮಹಾಸಭೆಯನ್ನು ಮೊದಲು ಅಂಕಿರಾ ನಗರದಲ್ಲಿ, ಅಂದರೆ ಇಂದಿನ ಅಂಕಾರಾದಲ್ಲಿ, ಕೂಡಿಸಬೇಕೆಂದಿತ್ತು. ಚಕ್ರವರ್ತಿ ಕಾನ್‌ಸ್ಟಂಟೈನನು ಅದನ್ನು ನೈಸಿಯಾಕ್ಕೆ ಬದಲಾಯಿಸಿದನು. ಇಟಲಿ ಮುಂತಾದ ಕಡೆಯ ಧರ್ಮಾಧ್ಯಕ್ಷರಿಗೆ ಬರಲು ಸುಲಭ, ಹವೆ ಹಿತಕರ, ತಾನೂ ಹತ್ತಿರದಲ್ಲಿದ್ದು ಭಾಗವಹಿಸಬಹುದು ಎಂಬುವು ಅವನು ಕೊಟ್ಟ ಕಾರಣಗಳು. ಮೊದಲನೆಯದು ಅತಿಥಿಗಳ ಸೌಕರ್ಯ, ಕೊನೆಯದು ಕರೆದವನ ಸೌಕರ್ಯ. ಕರೆಯುವವರ ಪಟ್ಟಿಯಲ್ಲಿ ಈ ಕೊನೆಯ ಕಾರಣ ಇಂದಿಗೂ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ ಮಟ್ಟಿಗೆ ಚಕ್ರವರ್ತಿಯನ್ನು ಮೆಚ್ಚಬೇಕು. 1545ರಲ್ಲಿ ಆರಂಭವಾದ ಟ್ರೆಂಟ್ ಮಹಾಸಭೆಗೆ ಸ್ಥಳ ಗೊತ್ತುಮಾಡುವುದಕ್ಕೇ ವರ್ಷಗಳು ಹಿಡಿದವು. ಆಲ್ಪ್ಸ್ ಪರ್ವತದ ಇಟಲಿಯ ಮಗ್ಗುಲಲ್ಲಿದ್ದರೂ ಚಕ್ರವರ್ತಿಯ ಸಾಮ್ರಾಜ್ಯಕ್ಕೆ ಸೇರಿದ ಊರೆಂದು ಟ್ರೆಂಟನ್ನು ಆರಿಸಿದರು. ಎರಡು ಪಕ್ಷಗಳಿಗೂ ಒಪ್ಪಿಗೆಯಾಗುವಂತಹ ನಡುವಣ ಸ್ಥಳ. ಆದರೂ ಆರಂಭದ ದಿನ ಬಂದ ಧರ್ಮಾಧ್ಯಕ್ಷರು ಸುಮಾರು ಮೂವತ್ತು ಮಂದಿ, ಅವರಲ್ಲಿ ಬಹುಪಾಲು ಇಟಲಿಯವರು. ನಕ್ಷೆಯ ಮೇಲಿನ ನಡುವಣ ಬಿಂದು ಮನಸ್ಸುಗಳ ನಡುವಣ ಬಿಂದುವಾಗಬೇಕೆಂದೇನೂ ಇಲ್ಲ.

ಈಗ ನಿಮ್ಮ ಬಳಗಕ್ಕೆ ಮರಳೋಣ. ಬೆಂಗಳೂರಿನವರೊಬ್ಬರು, ‘ಬಂದಳಿಕೆಯಲ್ಲಿ ಸೇರೋಣ’ ಎನ್ನುತ್ತಾರೆ. ಎಷ್ಟು ಸುಂದರವಾದ ಸೂಚನೆ! ನಾಗರಖಂಡ ಎಪ್ಪತ್ತರ ಮುಖ್ಯ ಸ್ಥಳವಾಗಿದ್ದ ಈ ಊರನ್ನು ಶಾಸನಗಳು ಬಂದಣಿಕೆ ಎಂದೂ ಬಾಂಧವಪುರ ಎಂದೂ ಕರೆದಿವೆ. ಬಾಂಧವರು ಕೂಡುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಶಾಂತಿನಾಥ ಬಸದಿ, ಸೋಮೇಶ್ವರ ಗುಡಿ, ತ್ರಿಮೂರ್ತಿ ನಾರಾಯಣ ಗುಡಿ ಅಲ್ಲಿವೆ. ಸೋಮೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತಗಳ ಕಥೆಗಳನ್ನು ಕೊರೆದಿದ್ದಾರೆ. ಹತ್ತನೆಯ ಶತಮಾನದ ಆರಂಭದಲ್ಲಿ, ಗಂಡ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ ನಾಗರಖಂಡದ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ಸಮರ್ಥವಾಗಿ ಆಳಿದ ಜಕ್ಕಿಯಬ್ಬೆ, ದೇಹ ಕುಗ್ಗಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು ವ್ರತದಿಂದ ದೇಹತ್ಯಾಗ ಮಾಡಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. ಸಾಯುವುದಕ್ಕೆ ತಕ್ಕ ಸ್ಥಳವೆಂದು ಒಬ್ಬ ನಾಡೊಡತಿ ಆರಿಸಿಕೊಂಡ ನೆಲ ಅದು.

ಹಾಗೆಂದೇ ನನಗೆ ಹಿಂಜರಿಕೆ. ಅದು ಜೈನರ ತೀರ್ಥ, ಶೈವರ ಮತ್ತು ವೈಷ್ಣವರ ಗುಡಿ, ಸುತ್ತಣ ಹಳ್ಳಿಯವರು ನಡೆದುಕೊಳ್ಳುವ ಬನಶಂಕರಿಯ ನೆಲೆ. ನಮಗೆ ಹಿನ್ನೆಲೆಯ ಚಿತ್ರಪಟವಾಗಲೆಂದು ಅದು ನಿಂತಿಲ್ಲ. ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಇಂತಹ ಸ್ಮಾರಕಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ, ಔತಣಗಳನ್ನು ನಡೆಸಲು 1959ರ ನಿಯಮಗಳೇ ಅವಕಾಶ ಕೊಡುವುದಿಲ್ಲ. ನಿಯಮವಿಲ್ಲದಿದ್ದರೂ ಎಲೆ ಹಾಸಿ ಉಣ್ಣುವ ಜಾಗವಲ್ಲ ಅದು.

ಇನ್ನೊಂದು ಹಿಂಜರಿಕೆ ಇದಕ್ಕಿಂತ ದೊಡ್ಡದು. ಊರಿನ ಕಡೆಗೇ ಹೋಗೋಣವೆಂದು ತೀರ್ಮಾನಿಸಿದ ಕೂಡಲೇ, ‘ಹೇಗೂ ಮೂವರು ಅಲ್ಲಿಯೇ ಇದ್ದಾರಲ್ಲ, ಏರ್ಪಾಡು ನೋಡಿಕೊಳ್ಳುತ್ತಾರೆ’ ಎಂಬ ಮಾತು ತಾನಾಗಿ ಹೊರಡುತ್ತದೆ. ಪ್ರಯಾಣದ ಭಾರವನ್ನು ಇಳಿಸಿದೆವೆಂದುಕೊಂಡು ಆತಿಥ್ಯದ ಭಾರವನ್ನು ಅದೇ ಹೆಗಲಿಗೆ ಏರಿಸುತ್ತೇವೆ. ಹದಿನೇಳು ಅತಿಥಿಗಳಿಗೆ ಅನ್ನ ಬೇಯಿಸುವವಳು ಯಾವ ಹರಟೆಯಲ್ಲಿ ಕುಳಿತಾಳು? ಊರಿನ ನೆನಪು ಬೆಂಗಳೂರಿನವರದು, ಒಲೆಯ ಹೊಗೆ ಊರಿನವರದು ಎಂದಾದರೆ ಅದಕ್ಕಿಂತ ಬೆಂಗಳೂರಿನ ಛತ್ರವೇ ಮೇಲು.

ಬಂದಳಿಕೆಯ ಅದೇ ಸೀಮೆಯಲ್ಲಿ, ಶಿರಾಳಕೊಪ್ಪದ ಹತ್ತಿರ, ಬಳ್ಳಿಗಾವೆ ಇದೆ. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥಗಳ ಸಂನ್ಯಾಸಿಗಳು, ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಆ ಪಟ್ಟಿಯನ್ನು ಓದುವಾಗ ನನಗೆ ಆಶ್ಚರ್ಯವಾಗುವುದು ಔದಾರ್ಯಕ್ಕಿಂತ ಹೆಚ್ಚಾಗಿ ಅದರ ಎಚ್ಚರ. ‘ಎಲ್ಲರಿಗೂ’ ಎಂದಷ್ಟೇ ಬರೆದು ಮುಗಿಸಬಹುದಾಗಿತ್ತು. ಬರೆಸಿದವರು ಹಾಗೆ ಮಾಡಲಿಲ್ಲ. ಮರೆತುಹೋಗಬಹುದಾದವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದರು.

ನೀವೂ ಎಣಿಸಿರಿ. ಮೆಟ್ಟಿಲು ಹತ್ತಲಾಗದವರು ಯಾರು? ಶೌಚಾಲಯವಿಲ್ಲದ ಕಡೆ ಇಡೀ ದಿನ ಕಳೆಯಲಾರದ ಹೆಣ್ಣುಮಕ್ಕಳು ಎಷ್ಟು ಮಂದಿ? ಟಿಕೆಟ್ಟಿನ ಹಣ ಇಲ್ಲವೆಂದು ಹೇಳಲಾರದವರು ಯಾರು? ನನ್ನನ್ನು ಕೇಳಿದರೆ ಈ ಬಾರಿ ಶಿಕಾರಿಪುರ ಪೇಟೆಯಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಸಭಾಂಗಣದಲ್ಲಿ ಸೇರಿ. ಅಡುಗೆಯವರನ್ನು ಗೊತ್ತುಮಾಡಿ, ಖರ್ಚನ್ನು ಸಂಬಳದವರು ಹಂಚಿಕೊಳ್ಳಿ. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿದು ಬಸ್ಸು ಹಿಡಿಯಲಿ, ಕೊಲ್ಲಿಯಿಂದ ಬರುವವರಿಗೆ 2023ರಲ್ಲಿ ಆರಂಭವಾದ ಶಿವಮೊಗ್ಗದ ವಿಮಾನ ನಿಲ್ದಾಣವೂ ಇದೆ. ಮರುದಿನ ಬೆಳಗ್ಗೆ, ಆಗುವವರು ಬಂದಳಿಕೆಗೆ ಹೋಗಿ ಚಪ್ಪಲಿ ಕಳಚಿ ಬಸದಿಯನ್ನು ನೋಡಿ ಬರಲಿ. ಮುಂದಿನ ಬಾರಿ ಮುಂಬಯಿಯವರ ಸರದಿ.

ಆದರೆ ಇದನ್ನು ಬಳಗಕ್ಕೆ ತಿಳಿಸುವ ಮೊದಲು ಊರಿನಲ್ಲಿರುವ ಆ ಮೂವರಿಗೂ ಒಬ್ಬೊಬ್ಬರಿಗೇ ದೂರವಾಣಿ ಮಾಡಿ. ‘ಎಲ್ಲಿ ಸೇರೋಣ?’ ಎಂದು ಕೇಳಬೇಡಿ. ‘ಎಲ್ಲಿಯಾದರೂ ಸರಿ’ ಎಂದುಬಿಡುತ್ತಾರೆ. ಅಂದು ಹಾಲು ಕರೆಯುವುದಕ್ಕೆ ಯಾರಿದ್ದಾರೆ, ಅತ್ತೆಯ ಬಳಿ ಯಾರು ಕುಳಿತಿರುತ್ತಾರೆ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂದು ಕೇಳಿ. ಉತ್ತರ ತಡವಾಗಿ ಬಂದೀತು. ಅಲ್ಲಿಯವರೆಗೆ ಬೆಂಗಳೂರಿನ ಬಸ್ಸಿನ ಟಿಕೆಟ್ಟುಗಳನ್ನು ಕಾಯ್ದಿರಿಸಬೇಡಿ.