ಅಭಯದಾನವೂ ಗೌಜಲ ಮರಿಗಳೂ

ಶ್ರಾವಕನು ಆಚರಿಸಬೇಕಾದ ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳೊಡನೆ ಅಭಯವೂ ಸೇರಿರುವುದು ಸರ್ವವಿದಿತ. ಮೊದಲಿನ ಮೂರನ್ನು ಕೊಡುವ ಬಗೆಯಲ್ಲಿ ಅಷ್ಟಾಗಿ ಸಂದೇಹವಿಲ್ಲ. ಅಭಯದ ವಿಷಯದಲ್ಲಿ ಮಾತ್ರ ದಯಾಳುಗಳೇ ದಾರಿ ತಪ್ಪುವ ಸಂಭವವುಂಟು. ಬೆಳಗಾವಿ ಸೀಮೆಯ ರೈತಶ್ರಾವಕರೊಬ್ಬರು ಈಚೆಗೆ ನನ್ನನ್ನು ಕೇಳಿದ ಪ್ರಶ್ನೆಯೇ ಈ ವಿಚಾರಕ್ಕೆ ಪ್ರೇರಣೆ. ಬದುವಿನ ಹುಲ್ಲು ಕೊಯ್ಯುವಾಗ ಗೌಜಲ ಹಕ್ಕಿಯ ಗೂಡು ಬಯಲಾಯಿತಂತೆ. ತಾಯಿ ಹಾರಿಹೋಗಲು, ಆಗತಾನೇ ಮೊಟ್ಟೆಯೊಡೆದು ಬಂದ ಐದು ಮರಿಗಳನ್ನು ಮನೆಗೆ ತಂದರು. ಮರಿಗಳು ಬೆದರಿ ಬುಟ್ಟಿಗೆ ಹಾಯುತ್ತವೆ. ಅವನ್ನು ಶಾಂತಗೊಳಿಸುವುದು ಹೇಗೆ? ಹಾಗೆ ಶಾಂತಗೊಳಿಸಿದರೆ ಅದು ಅಭಯದಾನವಾಗುವುದಲ್ಲವೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಈ ಜಾತಿಯ ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಬೆನ್ನುಹತ್ತಿ ನಡೆಯುತ್ತದೆ. ಆದರೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ತಾಯಿಯ ರೆಕ್ಕೆಯ ಬದಲಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು. ಮುಂದೆ ವಾರಕ್ಕೆ ಮೂರರಂತೆ ಇಳಿಸಬಹುದು. ಮಂದ ಬೆಳಕು, ಅವಿತುಕೊಳ್ಳಲು ಒಣಹುಲ್ಲು, ಒಡಹುಟ್ಟಿದವುಗಳ ಸಂಗ, ಇಷ್ಟಿದ್ದರೆ ಕೂಗು ತಗ್ಗುವುದು. ಮೇಲಿನಿಂದ ಕೈ ಚಾಚಬಾರದು. ಗಿಡುಗ ಬರುವುದು ಮೇಲಿನಿಂದಲೇ. ಒಂದು ಮಾತನ್ನು ಮಾತ್ರ ಮರೆಯಬಾರದು. ಅಪಾಯದ ಸುಳಿವು ಸಿಕ್ಕಾಗ ಈ ಮರಿಗಳು ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಕೂರುತ್ತವೆ. ಹೊರಗಿನಿಂದ ನೋಡಿದವರಿಗೆ ಅದೇ ಶಾಂತಿಯಂತೆ ಕಾಣುತ್ತದೆ.

ಎರಡನೆಯ ಪ್ರಶ್ನೆ ಇಷ್ಟು ಸರಳವಲ್ಲ. ಸಂಸಾರಿ ಜೀವಿಗಳಿಗೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಗೌಜಲಿಗೆ ಕೊಂಬಿಲ್ಲ, ವಿಷವಿಲ್ಲ, ದೂರ ಹಾರುವ ಬಲವೂ ಇಲ್ಲ. ಭಯವೇ ಅದರ ಬೇಲಿ. ಮನುಷ್ಯನ ಕೈಯಲ್ಲಿ ಬೆಳೆದ ಮರಿ ಮನುಷ್ಯನನ್ನೂ ಅವನ ನಾಯಿಯನ್ನೂ ಕಂಡು ಓಡುವುದನ್ನು ಮರೆತರೆ, ಭಯದ ಕಾರಣಗಳೆಲ್ಲ ಹೊರಗೆ ಹಾಗೆಯೇ ಉಳಿದು ಬೇಲಿಯೊಂದೇ ಕಿತ್ತುಹೋಯಿತು. ಬಲೆಗಾರರು ಬಲ್ಲ ಸಂಗತಿಯಿದು: ಸಾಕಿದ ಗೌಜಲನ್ನು ಪಂಜರದಲ್ಲಿಟ್ಟು ಕೂಗಿಸಿ, ಆ ಕೂಗಿಗೆ ಬರುವ ಕಾಡುಹಕ್ಕಿಗಳನ್ನು ಉರುಲಿಗೆ ಕೆಡಹುತ್ತಾರೆ. ಭಯಸಂಜ್ಞೆಯನ್ನು ಗೆಲ್ಲುವುದು ಮುಮುಕ್ಷುವಿನ ಸಾಧನೆ. ಅದನ್ನು ಅರಿಯದ ಹಕ್ಕಿಯ ಮೇಲೆ ಹೇರುವ ಅಧಿಕಾರ ನಮಗೆಲ್ಲಿಯದು?

ಇನ್ನು ಆಹಾರದ ಮಾತು. ನಮ್ಮ ಪ್ರಶ್ನಕಾರರು ನುಚ್ಚು, ನವಣೆಗಳನ್ನಷ್ಟೇ ಹಾಕುತ್ತಿದ್ದಾರಂತೆ. ವ್ರತಿಕರಾದ್ದರಿಂದ ಹುಳು ಮುಟ್ಟರು. ಆದರೆ ಈ ಮರಿಗಳು ಮೊದಲ ವಾರಗಳಲ್ಲಿ ಬೆಳೆಯುವುದು ಗೆದ್ದಲು, ಇರುವೆ, ಹುಳುಗಳನ್ನು ತಿಂದು. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕರುಣೆಯಿಂದ ಕೈಗೆತ್ತಿಕೊಂಡ ಮರಿಯ ವಿಷಯದಲ್ಲಿ ಮೊದಲನೆಯದೂ ಕೊನೆಯದೂ ಒಟ್ಟಿಗೆ ಬಂದವು. ಉಪವಾಸವನ್ನು ನಾವು ಪ್ರತ್ಯಾಖ್ಯಾನಪೂರ್ವಕವಾಗಿ, ತಿಳಿದು ಸ್ವೀಕರಿಸುತ್ತೇವೆ. ಮರಿ ಯಾವ ಪ್ರತಿಜ್ಞೆ ಮಾಡಿದೆ? ನಮ್ಮ ವ್ರತವನ್ನು ಅದರ ಹೊಟ್ಟೆಯಿಂದ ಆಚರಿಸುವುದು ವ್ರತವೆನಿಸದು. ಗೆದ್ದಲನ್ನು ತಂದು ಹಾಕಿದರೋ, ಅದು ಸಂಕಲ್ಪೀ ಹಿಂಸೆ. ರೈತನ ಆರಂಭೀ ಹಿಂಸೆಗಿರುವ ವಿನಾಯಿತಿ ಅದಕ್ಕಿಲ್ಲ.

ದಿಲ್ಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಧರ್ಮಾರ್ಥ ಪಕ್ಷಿ ಆಸ್ಪತ್ರೆಯಲ್ಲಿ (ಸ್ಥಾಪನೆ 1929) ಇದೇ ತೊಡಕು ಬೇರೆ ರೂಪದಲ್ಲಿ ಬಂದುದುಂಟು. ಪಾರಿವಾಳ, ಗಿಳಿಗಳನ್ನು ಅಲ್ಲಿ ಒಳಗೆ ಇರಿಸಿಕೊಂಡು ಉಪಚರಿಸುತ್ತಾರೆ. ಹದ್ದು, ಗಿಡುಗಗಳಿಗೆ ಔಷಧ ಮಾತ್ರ ಕೊಟ್ಟು ಕಳುಹಿಸುತ್ತಾರೆ, ಇರಿಸಿಕೊಳ್ಳುವುದಿಲ್ಲ. ಹದ್ದಿನ ಆಹಾರವನ್ನು ಬಾಗಿಲ ಹೊರಗಿಟ್ಟರೆ ಲೋಕದಲ್ಲಿ ಹಿಂಸೆ ತಗ್ಗಿತೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಅಣುವ್ರತಿಯ ಪ್ರತಿಜ್ಞೆ ತಾನು ಮಾಡುವ, ಮಾಡಿಸುವ ಹಿಂಸೆಯನ್ನು ಕುರಿತದ್ದು. ಲೋಕದ ಗೆದ್ದಲುಗಳನ್ನೆಲ್ಲ ಹಕ್ಕಿಗಳಿಂದ ಉಳಿಸುವೆನೆಂದು ಅವನು ಪಚ್ಚಕ್ಖಾಣ ಮಾಡಿಲ್ಲ. ಆಸ್ಪತ್ರೆಯವರ ಕ್ರಮವೇ ನನಗೆ ಸರಿಯೆನಿಸುತ್ತದೆ: ಗಾಯಕ್ಕೆ ಮದ್ದು, ಅನಂತರ ಬಿಡುಗಡೆ.

ಆದ್ದರಿಂದ ಗೂಡು ಬಯಲಾದಾಗ ಮಾಡಬೇಕಾದುದು ಇಷ್ಟೇ. ಸುತ್ತಲಿನ ಹುಲ್ಲನ್ನು ಕೊಯ್ಯದೆ ಬಿಡಬೇಕು, ಆಳುಗಳೂ ನಾಯಿಗಳೂ ದೂರ ಸರಿಯಬೇಕು. ಗದ್ದಲವಡಗಿದ ಮೇಲೆ ತಾಯಿ ಸಾಮಾನ್ಯವಾಗಿ ಮರಿಗಳನ್ನರಸಿ ಬರುತ್ತದೆ. ನಾಲ್ಕು ಕೂಳೆ ಹುಲ್ಲಿನ ನಷ್ಟಕ್ಕೆ ಮನಸ್ಸು ಒಪ್ಪದಿದ್ದರೆ ಅಲ್ಲಿ ಪರಿಗ್ರಹಪರಿಮಾಣದ ಪ್ರಶ್ನೆಯೂ ಏಳುತ್ತದೆ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಪ್ರಶ್ನಕಾರರ ಮರಿಗಳಾದರೋ ಈಗಾಗಲೇ ಮನೆಯಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡು ಗೌಜಲನ್ನು ಹಿಡಿದು ಸಾಕುವುದು ಅಪರಾಧವೂ ಹೌದು. ವಿಳಂಬಿಸದೆ ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸಬೇಕೆಂದು ಅವರಿಗೆ ಬರೆದಿದ್ದೇನೆ. ಅವರು ಬರುವತನಕ ಬೆಚ್ಚಗಿಡಿ, ಮಕ್ಕಳು ಎತ್ತಿ ಆಡಿಸದಿರಲಿ, ಕಾಳುನೀರನ್ನು ಪರದೆಯ ಮರೆಯಿಂದ ಇಡಿ, ನಿಮ್ಮ ಮುಖವನ್ನು ತೋರಿಸದಿರಿ. ನೀವು ಒಳಗೆ ಬಂದಾಗ ಅವು ಇನ್ನೂ ಹುಲ್ಲಿನೊಳಕ್ಕೆ ಓಡುತ್ತಿದ್ದರೆ ಓಡಲು ಬಿಡಿ.